ಮೀನೋ, ಕಲ್ಲೋ, ಕಾಡುಪ್ರಾಣಿಯೋ?

ನಮ್ಮ ಕಾಗವಾಡದ ಕಡೆ ಸಮುದ್ರ ಕಂಡವರಿಗಿಂತ ಸಿಂಪಿ ಕಂಡವರೇ ಹೆಚ್ಚು. ಮಾವಿನಕಾಯಿಯ ಕಾಲ ಬಂತೆಂದರೆ ನಡುವೆ ತೂತು ಮಾಡಿ ಹರಿತಗೊಳಿಸಿದ ಸಿಂಪಿ ಗೂಡಿನಿಂದ ಹೊರಗೆ ಬರುತ್ತಿತ್ತು. ಅದರಿಂದ ಸಿಪ್ಪೆ ಹೆರೆದರೆ ಒಳಗಿನ ತಿರುಳು ಒಂದಿಷ್ಟೂ ಹಾಳಾಗುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಇನ್ನೊಂದು ಸಿಂಪಿ, ಕೂಸಿಗೆ ಹಾಲು ಹಾಕಲು, ತೇಯ್ದ ಔಷಧ ಕುಡಿಸಲು. ಮಾಂಸ ಮೀನು ಮುಟ್ಟದ ಜೈನರ ಮನೆಯಲ್ಲೂ, ಲಿಂಗಾಯತರ ಮನೆಯಲ್ಲೂ ಅದಕ್ಕೆ ಮಡಿ ಮೈಲಿಗೆ ಇರಲಿಲ್ಲ. ಅದರೊಳಗೆ ಒಂದು ಜೀವ ಇತ್ತು, ಯಾರೋ ಅದನ್ನು ಕೆಸರಿನಲ್ಲಿ ನಿಂತು ಆರಿಸಿದ್ದರು ಎಂಬ ಯೋಚನೆ ನಮ್ಮ ಮನೆಗಳಲ್ಲಿ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ಸಿಗುತ್ತಿತ್ತು, ತಂದಿದ್ದೆವು, ಅಷ್ಟೇ.

2018ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರೆಬೈಲ್ ಘಾಟಿ ಇಳಿಯುವಾಗ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ಅದರ ವರ್ಣನೆ ಬೇಡ. ಮರುದಿನ ಗೋಕರ್ಣದಿಂದ ತದಡಿಗೆ ಹೋದೆವು. ಅಘನಾಶಿನಿ ನದಿ ಸಮುದ್ರ ಸೇರುವ ಜಾಗ ಅದು. ಈ ದಂಡೆಯಲ್ಲಿ ತದಡಿ, ಆ ದಂಡೆಯಲ್ಲಿ ಅಘನಾಶಿನಿ ಎಂಬ ಊರು, ನಡುವೆ ಜನರನ್ನು ದಾಟಿಸುವ ದೋಣಿ. ನಾವು ಹೋದಾಗ ಇಳಿತದ ಹೊತ್ತು. ನೀರು ಹಿಂದೆ ಸರಿದು ನದಿಯ ಹೊಟ್ಟೆ ಕಾಣುತ್ತಿತ್ತು. ಅಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ, ಕೆಸರಿನಲ್ಲಿ ಕೈಯಾಡಿಸುತ್ತ ಏನನ್ನೋ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ನಮ್ಮಲ್ಲಿ ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಹೆಕ್ಕುವ ಹಾಗೆ. ಅವರು ಆರಿಸುತ್ತಿದ್ದದ್ದು ಬಳಚು. ಎರಡು ಚಿಪ್ಪಿನ ನಡುವೆ ಮೆತ್ತಗಿನ ಮಾಂಸ ಇರುವ ಜೀವಿ, ನಾವು ಸಿಂಪಿ ಅನ್ನುತ್ತೇವಲ್ಲ, ಅದರ ಬಳಗದ್ದು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನ ಸೆರಗು ಜಗ್ಗಿ ಕೇಳಿದಳು: "ಅಕ್ಕೋರ, ಇದನ್ನ ಯಾರ್ ಬೇಕಾದರೂ ಆರಿಸ್ಕೋಬಹುದೇನ್ರಿ? ಇದು ಯಾರದ್ರಿ?"

ಒಕ್ಕಲುತನದ ಮನೆಯ ಹುಡುಗಿ. ಕಬ್ಬಿನ ಒಂದು ಗಣಿಕೆಗೂ ಒಡೆಯರಿರುತ್ತಾರೆ ಎಂದು ತಿಳಿದವಳು. ಸಮಾಜ ವಿಜ್ಞಾನ ಕಲಿಸುವ ನನಗೆ ಆ ಪ್ರಶ್ನೆ ಊರಿಗೆ ಬಂದ ಮೇಲೂ ಬಿಡಲಿಲ್ಲ. ಆಮೇಲೆ ರಜೆಗಳಲ್ಲಿ ಓದುತ್ತ ಹೋದಂತೆ ತಿಳಿದದ್ದು, ಇದು ಯಾರದು ಎಂದು ಕೇಳುವ ಮೊದಲು ಸರಕಾರಗಳು ಇದು ಏನು ಎಂದೇ ಕೇಳಿಕೊಂಡಿವೆ, ಮತ್ತು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿವೆ.

ಹಳೆಯದರಿಂದಲೇ ಹಿಡಿಯೋಣ. ಅಶೋಕ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹಾಕಿಸಿದ ಐದನೆಯ ಸ್ತಂಭಶಾಸನದಲ್ಲಿ ಚಾತುರ್ಮಾಸ್ಯದ ಹುಣ್ಣಿಮೆಗಳಂದು, ಇನ್ನು ಕೆಲವು ತಿಥಿಗಳಂದು ಮೀನು ಕೊಲ್ಲಬಾರದು, ಮಾರಲೂಬಾರದು ಎಂದಿದೆ. ನಮ್ಮ ಶೇಡಬಾಳ, ಉಗಾರದ ಕಡೆ ಚಾತುರ್ಮಾಸ್ಯ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ನೀರಿನ ಜೀವಿಗೆ ವರ್ಷದಲ್ಲಿ ಕೆಲವು ದಿನ ಬಿಡುವು ಕೊಡುವ ರಾಜಾಜ್ಞೆ ಅಷ್ಟು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಕುತೂಹಲದ್ದು. ಅದರಲ್ಲಿ ಶಂಖ, ಮುತ್ತು, ಹವಳಗಳ ಉಸ್ತುವಾರಿ ವಜ್ರದ ಜೊತೆಗೇ ಗಣಿಯ ಅಧಿಕಾರಿಗೆ ಸೇರಿದೆ. ಶಂಖ ಮತ್ತು ಮುತ್ತು ತೆಗೆಯುವವರು ಸರಕಾರದ ದೋಣಿ ಬಳಸಿದರೆ ಅದಕ್ಕೆ ಬಾಡಿಗೆ ಕೊಡಬೇಕು, ಇಲ್ಲವಾದರೆ ತಮ್ಮದೇ ದೋಣಿಯಲ್ಲಿ ಹೋಗಬೇಕು. ಅಂದರೆ ಮೀನು ಹಿಡಿಯುವವನು ಒಂದು ಲೆಕ್ಕದಲ್ಲಿ, ಚಿಪ್ಪು ತೆಗೆಯುವವನು ಇನ್ನೊಂದು ಲೆಕ್ಕದಲ್ಲಿ. ಒಳಗೆ ಮುತ್ತಿದ್ದರೆ ಅದು ಖಜಾನೆಯ ಸ್ವತ್ತು. ತಿನ್ನುವ ಬಳಚಿನ ಸುದ್ದಿಯನ್ನು ಅರಮನೆ ಎತ್ತಿದಂತೆ ಕಾಣುವುದಿಲ್ಲ. ಬಡವರ ಪಾತ್ರೆಯಲ್ಲಿ ಬೇಯುವುದರ ಮೇಲೆ ರಾಜರಿಗೆ ಆಸಕ್ತಿ ಕಡಿಮೆ.

ಆಸಕ್ತಿ ಬಂದದ್ದು ಅದು ಪಟ್ಟಣದ ಶ್ರೀಮಂತರ ತಟ್ಟೆಗೆ ಹೋದಾಗ, ಅದೂ ಬೇರೆ ದೇಶಗಳಲ್ಲಿ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನ 1820ರಲ್ಲೇ ಸಮುದ್ರದ ತಳವನ್ನು ಕಬ್ಬಿಣದ ಬಲೆಯಿಂದ ಕೆರೆದು ಸಿಂಪಿ ಎಳೆಯುವುದನ್ನು ನಿಷೇಧಿಸಿತು. ಕಾಯ್ದೆ ಮಾಡಿದರೆ ಕೇಳುವವರಾರು? 1868ರಲ್ಲಿ ಸಿಂಪಿ ಕಾಯಲೆಂದೇ ದೋಣಿಗಳುಳ್ಳ ಪೊಲೀಸ್ ಪಡೆ ಕಟ್ಟಬೇಕಾಯಿತು. ಇಂಗ್ಲೆಂಡಿನಲ್ಲಿ 1877ರ ಕಾಯ್ದೆ ಬೇಸಿಗೆಯಲ್ಲಿ, ಸಿಂಪಿ ಮರಿ ಹಾಕುವ ತಿಂಗಳುಗಳಲ್ಲಿ, ಅದರ ಮಾರಾಟಕ್ಕೆ ತಡೆ ಹಾಕಿತು. ಇಂಗ್ಲಿಷಿನಲ್ಲಿ 'ಆರ್' ಅಕ್ಷರ ಇಲ್ಲದ ತಿಂಗಳಲ್ಲಿ ಸಿಂಪಿ ತಿನ್ನಬಾರದು ಎಂಬ ಗಾದೆಯಂಥ ಮಾತೇ ಆ ದೇಶಗಳಲ್ಲಿದೆ. ಮೇ, ಜೂನ್, ಜುಲೈ, ಆಗಸ್ಟ್. ನಮ್ಮ ಆಷಾಢ, ಶ್ರಾವಣವೂ ಆ ಲೆಕ್ಕಕ್ಕೆ ಬರುತ್ತವೆ ನೋಡಿ. ಶ್ರಾವಣದಲ್ಲಿ ಮೀನು ಬಿಡುವ ನಮ್ಮ ನೇಮದ ಕಾರಣ ದೇವರು, ಅವರ ನೇಮದ ಕಾರಣ ಹೊಟ್ಟೆ.

ಹೊಟ್ಟೆಯ ಕಾರಣ ಹಗುರವಾದದ್ದಲ್ಲ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಬಳಚು ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುತ್ತದೆ. ಕೆಲವೊಮ್ಮೆ ಆ ಪಾಚಿಯಲ್ಲಿ ವಿಷವಿರುತ್ತದೆ. ಬಳಚಿಗೆ ಏನೂ ಆಗುವುದಿಲ್ಲ, ತಿಂದವರಿಗೆ ಬಾಯಿ ತುಟಿ ಜೋಮು ಹಿಡಿಯುತ್ತದೆ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಹತ್ತಿರ ಹಾಗೆ ಆಗಿ, ಅಲ್ಲಿನ ವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾರಣಕ್ಕೆ ಪ್ರತಿವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ಜನ ತಮ್ಮ ಊಟಕ್ಕೆಂದು ಬಂಡೆಯ ಸಿಂಪಿ ಕೀಳುವುದಕ್ಕೆ ನಿಷೇಧವಿದೆ.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. 1862ರಲ್ಲಿ ಕೆನರಾ ಜಿಲ್ಲೆಯನ್ನು ಒಡೆದು, ಉತ್ತರದ ಭಾಗವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ ಏಕೀಕರಣದವರೆಗೆ ಅಘನಾಶಿನಿಯ ದಂಡೆಯೂ ನಮ್ಮ ಬೆಳಗಾವಿ ಜಿಲ್ಲೆಯೂ ಒಂದೇ ಸರಕಾರದ ಕೆಳಗಿದ್ದವು. ಆ ಹುಡುಗಿಯ ಊರಿಗೂ ಆ ನದಿಗೂ ಅಷ್ಟು ಮಟ್ಟಿಗೆ ನಂಟಿದೆ ಅನ್ನಿ. ಫ್ರಾನ್ಸಿಸ್ ಡೇ ಎಂಬ ವೈದ್ಯ ದೇಶದ ನದಿಗಳನ್ನೆಲ್ಲ ಸುತ್ತಿ, ಸಣ್ಣ ಕಣ್ಣಿನ ಬಲೆ ಹಾಕಿ, ವಿಷ ಕಲಕಿ ಮರಿಮೀನುಗಳನ್ನೆಲ್ಲ ತೆಗೆಯುತ್ತಿದ್ದಾರೆ ಎಂದು 1873ರಲ್ಲಿ ವರದಿ ಬರೆದ. ಕಾಯ್ದೆ ಬಂದದ್ದು 24 ವರ್ಷಗಳ ನಂತರ, 1897ರಲ್ಲಿ.

ಆ ವರ್ಷ ಮುಂಬೈ ಪ್ರಾಂತದಲ್ಲಿ ಪ್ಲೇಗು, ಜೊತೆಗೆ ಬರ. ಪ್ಲೇಗಿನ ಗಾಬರಿಯಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಕೊರೋನಾ ಕಾಲದಲ್ಲಿ ನಾವೆಲ್ಲ ಮತ್ತೆ ಕೇಳಿದೆವಲ್ಲ, ಅದು 1897ರ 3ನೆಯ ಕಾಯ್ದೆ. ಅದರ ಬೆನ್ನಿಗೇ ಬಂದ 4ನೆಯದು ಭಾರತೀಯ ಮೀನುಗಾರಿಕೆ ಕಾಯ್ದೆ. ಒಂದು ರೋಗಕ್ಕೆ, ಒಂದು ಮೀನಿಗೆ. ಈ ಎರಡನೆಯದರ ಆರಂಭದಲ್ಲೇ ಒಂದು ಪುಟ್ಟ ವ್ಯಾಖ್ಯೆ ಇದೆ: ಮೀನು ಎಂದರೆ ಅದರಲ್ಲಿ ಚಿಪ್ಪುಮೀನೂ ಸೇರಿದೆ. ರೆಕ್ಕೆಯಿಲ್ಲ, ಮುಳ್ಳಿಲ್ಲ, ಈಜುವುದಿಲ್ಲ, ಕೆಸರಿನಲ್ಲಿ ಹುಗಿದುಕೊಂಡು ಕೂತಿರುತ್ತದೆ, ಆದರೂ ಮೀನು. ಡೈನಮೈಟು ಸಿಡಿಸಿ, ವಿಷ ಹಾಕಿ ಮೀನು ಕೊಂದರೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಪ್ರಾಂತ ಸರಕಾರ ಬೇಕಾದರೆ ಯಾವುದೇ ನೀರಿನಲ್ಲಿ ಎರಡು ವರ್ಷದವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಬಹುದು. ನಿಲ್ಲಿಸಿದರೆ ಹಿಡಿಯುವವರು ಏನು ಉಣ್ಣಬೇಕು ಎಂಬ ಮಾತು ಆ ಕಾಯ್ದೆಯಲ್ಲಿಲ್ಲ. ಬಹಳ ಚಿಕ್ಕ ಕಾಯ್ದೆ ಅದು, ಬೇಕಿದ್ದರೆ ಒಂದು ಸಾಲು ಹಿಡಿಸುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಅದೇ ಚಿಪ್ಪು ಕಲ್ಲಾಯಿತು. ಕರಾವಳಿಯಲ್ಲಿ ಸುಣ್ಣ ಮಾಡುತ್ತಿದ್ದದ್ದು ಚಿಪ್ಪು ಸುಟ್ಟು. ಗೋಡೆಗೆ ಬಳಿಯಲೂ ಅದೇ, ಎಲೆಗೆ ಹಚ್ಚಲೂ ಅದೇ. ಗಣಿ ಮತ್ತು ಖನಿಜಗಳ 1957ರ ಕಾಯ್ದೆಯ ಕೆಳಗೆ 1958ರ ಜೂನ್ 1ರಂದು ಹೊರಟ ಅಧಿಸೂಚನೆ, ಕಟ್ಟಡದ ಸುಣ್ಣಕ್ಕೆಂದು ಭಟ್ಟಿಯಲ್ಲಿ ಸುಡುವ ಚಿಪ್ಪನ್ನು ಮುರಂ, ಇಟ್ಟಿಗೆ ಮಣ್ಣುಗಳ ಸಾಲಿಗೆ ಸೇರಿಸಿ 'ಉಪಖನಿಜ' ಎಂದಿತು. ಕೌಟಿಲ್ಯನ ಗಣಿ ಅಧಿಕಾರಿ ಎರಡು ಸಾವಿರ ವರ್ಷಗಳ ನಂತರ ಮರಳಿ ಬಂದಂತೆ ನನಗನ್ನಿಸಿತು. ನದಿಮುಖಗಳ ತಳದಲ್ಲಿ ತಲೆಮಾರುಗಳಿಂದ ಸತ್ತು ಬಿದ್ದ ಚಿಪ್ಪಿನ ದಪ್ಪ ಪದರಗಳಿರುತ್ತವೆ. ಅಘನಾಶಿನಿಯಲ್ಲಿಯೂ ಅದನ್ನು ಅಗೆದು ಕೈಗಾರಿಕೆಗಳಿಗೆ ಸಾಗಿಸಿದ್ದಾರೆ. ಸತ್ತ ಚಿಪ್ಪು ತೆಗೆಯುವ ಗುದ್ದಲಿಗೆ ಅದರ ಮೇಲೆ ಕೂತ ಜೀವಂತ ಬಳಚು ಬೇರೆ ಎಂದು ತಿಳಿಯುತ್ತದೆಯೇ?

ಮುಂದೆ 2001ರಲ್ಲಿ ಅದು ಕಾಡುಪ್ರಾಣಿಯೂ ಆಯಿತು, ಎಲ್ಲವೂ ಅಲ್ಲ, ಕೆಲವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಗೆ ಆ ವರ್ಷ 24 ಬಗೆಯ ಚಿಪ್ಪುಜೀವಿಗಳನ್ನು ಸೇರಿಸಿದರು. ಹುಲಿ, ಆನೆಯ ಮೊದಲ ಪಟ್ಟಿಯಲ್ಲೇ 9, ಉಳಿದವು ನಾಲ್ಕನೆಯ ಪಟ್ಟಿಯಲ್ಲಿ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳೇ ಬದಲಾಗಿವೆ, ಅದು ಬೇರೆ ಮಾತು. ಆ 24ರಲ್ಲಿ ಒಂದು, ಗೋವಾದ ಹಳೆಯ ಮನೆಗಳನ್ನು ಕಂಡವರಿಗೆ ಪರಿಚಿತ. ಅಲ್ಲಿ ಕಿಟಕಿಗೆ ಗಾಜಿನ ಬದಲು ತೆಳ್ಳಗಿನ ಚಪ್ಪಟೆ ಚಿಪ್ಪನ್ನು ಚೌಕಾಗಿ ಕತ್ತರಿಸಿ ಕೂಡಿಸುತ್ತಿದ್ದರು. ಬಿಸಿಲು ಸೋಸಿ, ಹಾಲಿನಂಥ ಬೆಳಕು ಬರುತ್ತದೆ. ಆ ಚಿಪ್ಪು ಈಗ ಕಾನೂನಿನ ರಕ್ಷಣೆಯಲ್ಲಿದೆ. ಮುರುಡೇಶ್ವರದ ಅಂಗಡಿಗಳಲ್ಲಿ ನಮ್ಮ ಮಕ್ಕಳು ಸಿಂಪಿಯ ಸರ, ಶಂಖದ ಬೊಂಬೆಗೆ ಮುಗಿಬಿದ್ದಾಗ ಇವುಗಳಲ್ಲಿ ಯಾವುದು ಪಟ್ಟಿಯೊಳಗಿನದು, ಯಾವುದು ಹೊರಗಿನದು ಎಂದು ಅಂಗಡಿಯವನಿಗೂ ತಿಳಿದಂತಿರಲಿಲ್ಲ. ಬುಟ್ಟಿಯಲ್ಲಿ ತುಂಬುವ ಸಾಮಾನ್ಯ ಬಳಚು ಮಾತ್ರ ಈ ಪಟ್ಟಿಯಲ್ಲಿಲ್ಲ.

ಹಾಗಾದರೆ ಆ ಬುಟ್ಟಿಗೆ ಯಾವ ಕಾನೂನು? ನಮ್ಮ ರಾಜ್ಯದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಅದರ ಬಲದಿಂದಲೇ ಬರುವುದು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆದರೆ ಆ ಕಾಯ್ದೆಯ ಕಣ್ಣಿರುವುದೆಲ್ಲ ದೋಣಿಯ ಮೇಲೆ. ದೋಣಿಯ ನೋಂದಣಿ, ದೋಣಿಯ ಪರವಾನಗಿ, ದೋಣಿಯ ಒಡೆಯ, ದೋಣಿಗೆ ದಂಡ. ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತವಳ ಬಳಿ ದೋಣಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಹಗಲೆಲ್ಲ ಕಳೆ ತೆಗೆದು, ಶೇಂಗಾ ಕಿತ್ತು, ಎಮ್ಮೆ ಮೇಯಿಸಿದವಳ ಹೆಸರು ಹೊಲದ ಉತಾರದಲ್ಲಿ ಇರುವುದಿಲ್ಲ. ಬೆಳೆ ಪರಿಹಾರ ಬಂದಾಗ ಸಾಲಿನಲ್ಲಿ ನಿಲ್ಲುವವನು ಉತಾರದಲ್ಲಿ ಹೆಸರಿದ್ದವನು. ಇದು ಅದೇ ಕಥೆ, ಉಪ್ಪುನೀರಿನಲ್ಲಿ.

ಎಷ್ಟು ಜನ, ಎಷ್ಟು ಬಳಚು ಎಂದು ಲೆಕ್ಕ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. 2008ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ ಅಘನಾಶಿನಿಯ ನದಿಮುಖವೊಂದರಲ್ಲೇ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು, ಸಿಂಪಿ ಸಿಗುತ್ತಿತ್ತು. ಅದರ ಬೆಲೆ ಆಗಿನ ದರದಲ್ಲಿ 5 ಕೋಟಿ 78 ಲಕ್ಷ ರೂಪಾಯಿ. ಅದನ್ನು ತೆಗೆಯುವವರು 2,347 ಜನ. ಅವರಲ್ಲಿ 609 ಮಂದಿ ಹೆಂಗಸರು. ಗಂಡಸರು ಹೆಚ್ಚಾಗಿ ದೋಣಿಯಲ್ಲಿ ಹೋಗಿ ಆಳದಲ್ಲಿ ಮುಳುಗಿ ತೆಗೆಯುತ್ತಾರೆ, ಹೆಂಗಸರು ಇಳಿತ ನೋಡಿಕೊಂಡು ತೀರದಲ್ಲಿ. ಆರಿಸಿದ ಮೇಲೆ ತೊಳೆದು, ಬೇಯಿಸಿ, ಚಿಪ್ಪು ಬಿಡಿಸಿ, ಸಂತೆಗೆ ಹೊತ್ತು ಮಾರುವುದನ್ನೂ ಸೇರಿಸಿದರೆ ಹೆಂಗಸರ ಲೆಕ್ಕ ಎಲ್ಲಿಗೆ ಮುಟ್ಟುತ್ತದೋ. ಆ ಅಂಕಿಗಳನ್ನು ನಾನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ತಲೆಗೆ ಎಷ್ಟು ಬೀಳುತ್ತದೆ ಎಂದು ಭಾಗಾಕಾರ ಮಾಡಿಸಿದೆ. ವರ್ಷಕ್ಕೆ 25 ಸಾವಿರ ರೂಪಾಯಿಗೆ ತುಸು ಕಡಿಮೆ. ಹೊಲ ಇಲ್ಲದ, ದೋಣಿ ಇಲ್ಲದ ಮನೆಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಸರಕಾರ ಈ ನದಿಮುಖಕ್ಕೆ ಇಟ್ಟ ಬೆಲೆ ಬೇರೆಯೇ ಇತ್ತು. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಬಂತು, ಜನ ವಿರೋಧಿಸಿದರು, ಯೋಜನೆ ನಿಂತಿತು. ಬಂದರಿನ ಮಾತೂ ಬಂತು. ಸಾವಿರಾರು ಕೋಟಿಯ ಯೋಜನೆಯ ಎದುರು ಬಳಚಿನ 5 ಕೋಟಿ ನಿಂತು ಮಾತಾಡುವುದು ಹೇಗೆ? ಆ ಅಧ್ಯಯನ ಮಾಡಿದವರ ಉಪಕಾರ ಅದೇ ಎಂದು ನನ್ನ ಎಣಿಕೆ. ಬುಟ್ಟಿಯಲ್ಲಿದ್ದದ್ದನ್ನು ಅಂಕಿಯಾಗಿ ಬರೆದು ಕೊಟ್ಟರು.

ತದಡಿಯ ದಂಡೆಯಲ್ಲಿ ಬುಟ್ಟಿ ಇಳಿಸಿ ಕೂತಿದ್ದ ಒಬ್ಬ ಹಿರಿಯ ಹೆಂಗಸಿನ ಜೊತೆ ಅಂದು ಮಾತಾಡಿದ್ದೆ. "ಅಕ್ಕೋರು ಬಳಚು ತಿಂಬೂದಿಲ್ಲ ಕಾಣ್ತದೆ" ಎಂದು ನನ್ನ ಮುಖ ನೋಡಿಯೇ ಹೇಳಿ ನಕ್ಕಳು. ಸಣ್ಣವನ್ನೂ ತೆಗೆಯುತ್ತೀರಾ ಎಂದು ಕೇಳಿದೆ. "ಸಣ್ದು ಎಂತಕ್ಕೆ? ಅದ್ರಲ್ಲಿ ಬರೀ ಚಿಪ್ಪೇ. ಅಲ್ಲೇ ಬಿಟ್ರೆ ಮುಂದೆ ನಮಗೇ ಆಗ್ತದೆ" ಎಂದಳು. ಹಾಗಾದರೆ ಸರಕಾರ ಕೆಲವು ತಿಂಗಳು ತೆಗೆಯಬೇಡಿ ಎಂದು ಕಾನೂನು ಮಾಡಿದರೆ? ಆಕೆ ತುಸು ಹೊತ್ತು ಸುಮ್ಮನಿದ್ದು, ಹೊಳೆಯ ಮೇಲ್ಭಾಗದ ಕಡೆ ಕೈ ತೋರಿಸಿ, "ನಮಗೆ ಹೇಳೂದು ಸಲೀಸು. ಹೊಯ್ಗೆ ತೆಗೆಯೋರಿಗೆ ಯಾರು ಹೇಳ್ತಾರೆ?" ಎಂದಳು. ಹೊಯ್ಗೆ ಎಂದರೆ ಮರಳು. ತಳದ ಮರಳನ್ನೇ ಎತ್ತಿದರೆ ಬಳಚಿನ ಮರಿ ಎಲ್ಲಿ ಕೂರಬೇಕು? 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಡಲಂಚಿನಲ್ಲಿ ಮರಳು, ಕಲ್ಲು ಅಗೆಯುವುದನ್ನು ತಡೆದಿತ್ತು. ಆಮೇಲೆ 2011ರಲ್ಲಿ, 2019ರಲ್ಲಿ ಅದನ್ನು ಹೊಸದಾಗಿ ಬರೆದರು. ತಡೆ ಕಾಗದದಲ್ಲಿರುತ್ತದೆ, ಲಾರಿ ರಸ್ತೆಯಲ್ಲಿರುತ್ತದೆ. ಕೃಷ್ಣೆಯ ದಂಡೆಯ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಡುವಿನ ತಿಂಗಳುಗಳನ್ನು ನಿಜವಾಗಿ ನಡೆಸಿ ತೋರಿಸಿದ್ದು ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕಾಯಲು. ಅಲ್ಲಿನ ಬಳಚು, ಪಾಫಿಯಾ ಮಲಬಾರಿಕಾ ಎಂಬ ಜಾತಿಯದು, ನಮ್ಮ ಅಘನಾಶಿನಿಯಲ್ಲೂ ಇರುವಂಥದು. 1980ರ ದಶಕದಲ್ಲಿ ಅದರ ಮಾಂಸ ಪರದೇಶಕ್ಕೆ ಹೋಗತೊಡಗಿತು. ಬೆಲೆ ಬಂತು, ಕೈಗಳು ಹೆಚ್ಚಿದವು. 1991ರಲ್ಲಿ ಸುಮಾರು 10 ಸಾವಿರ ಟನ್ ತೆಗೆದರು. ಎರಡೇ ವರ್ಷಕ್ಕೆ ಅದು ಅರ್ಧಕ್ಕಿಳಿಯಿತು. ಆಗ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಸಲಹೆಯಂತೆ ತೆಗೆಯುವವರೇ ಕೂಡಿ ಒಪ್ಪಿಕೊಂಡ ನಿಯಮಗಳು ಬಂದವು. ಮರಿ ಹಾಕುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ಬಿಡುವು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಕೂಡದು. ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ಹಿಡಿಯುವಷ್ಟು ಸಣ್ಣದಾಗಿದ್ದರೆ ಪರದೇಶಕ್ಕೆ ಕಳಿಸುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಇಲಾಖೆಯವರು ಅಳತೆಪಟ್ಟಿ ಹಿಡಿದು ನೀರಿನಲ್ಲಿ ಇಳಿಯಬೇಕಾಗಿಲ್ಲ, ಮನೆಯ ತಕ್ಕಡಿ ಸಾಕು. ಶೇಂಗಾ ಕೊಳ್ಳುವಾಗ ಒಂದು ಹಿಡಿ ಕಾಳು ಎಣಿಸಿ ನೋಡುವ ಯಾವ ಹೆಂಗಸಿಗೂ ಇದು ಅರ್ಥವಾಗುತ್ತದೆ. 2014ರ ನವೆಂಬರಿನಲ್ಲಿ ಲಂಡನ್ನಿನ ಮರೈನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಆ ಬಳಚಿಗೆ ಮನ್ನಣೆಯ ಪತ್ರ ಕೊಟ್ಟಿತು, ಭಾರತದಲ್ಲಿ ಅಂಥ ಮೊದಲ ಪತ್ರ.

ಅಷ್ಟಮುಡಿಯ ತಿಂಗಳುಗಳನ್ನು ಎತ್ತಿ ತಂದು ಅಘನಾಶಿನಿಗೆ ಅಂಟಿಸಿದರೆ ನಡೆಯುವುದಿಲ್ಲ. ಈ ನದಿಗೆ ಅಣೆಕಟ್ಟಿಲ್ಲ. ಶಿರಸಿಯಿಂದ ಉಂಚಳ್ಳಿಯಲ್ಲಿ ಧುಮುಕಿ ಬರುವ ಮಳೆಗಾಲದ ಸಿಹಿನೀರು ನದಿಮುಖದ ಉಪ್ಪನ್ನೆಲ್ಲ ತೊಳೆದುಬಿಡುತ್ತದೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಬಳಚಿನ ಹೊಸ ಸಂಸಾರ ಶುರು. ಯಾವ ತಿಟ್ಟಿನಲ್ಲಿ ಯಾವ ತಿಂಗಳು ಮರಿ ಕೂರುತ್ತದೆ ಎಂಬುದು ಆ ಕೆಸರಿನಲ್ಲಿ ಕಾಲಿಟ್ಟವರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಬರೆದ ನಿಯಮಕ್ಕೂ ಬೆಂಗಳೂರಿನಲ್ಲಿ ಬರೆದ ನಿಯಮಕ್ಕೂ ಹಗಲು ರಾತ್ರಿಯ ವ್ಯತ್ಯಾಸ. ಬರೆಯುವವರು ಇನ್ನೊಂದನ್ನೂ ಬರೆಯಬೇಕಾದೀತು: ತೆಗೆಯಬಾರದ ತಿಂಗಳುಗಳಲ್ಲಿ ದೋಣಿಯಿಲ್ಲದವಳಿಗೆ ಏನು, ಮತ್ತು ಅದನ್ನು ಯಾವ ಚೀಟಿ ತೋರಿಸಿ ಪಡೆಯಬೇಕು.

2024ರ ಆರಂಭದಲ್ಲಿ ಅಘನಾಶಿನಿಯ ನದಿಮುಖ, 4,801 ಹೆಕ್ಟೇರು, ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ರಾಜ್ಯದಿಂದ ಅದರ ಜೊತೆಗೆ ಗದಗದ ಮಾಗಡಿ ಕೆರೆಯೂ, ಅಂಕಸಮುದ್ರದ ಪಕ್ಷಿಧಾಮವೂ ಸೇರಿದವು. ಇದು 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಆದ ಒಪ್ಪಂದ. ಜೌಗುನೆಲಗಳನ್ನು ಕಾಯಬೇಕು, ಅವುಗಳನ್ನು ಅರಿತು ಬಳಸಬೇಕು ಎನ್ನುವುದು ಅದರ ತಿರುಳು. ಬಳಸುವುದನ್ನು ಅದು ಬೇಡ ಎನ್ನುವುದಿಲ್ಲ. ಪಟ್ಟಿಗೆ ಸೇರಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದೆ. ಚಿತ್ರದಲ್ಲಿ ಹಕ್ಕಿಗಳಿದ್ದವು, ಕಾಂಡ್ಲಾ ಗಿಡಗಳಿದ್ದವು, ಒಂದು ದೋಣಿಯೂ ಇತ್ತು. ಅದರ ಕೆಳಗೆ ನಾನು ಸೀಮೆಸುಣ್ಣದಿಂದ 609 ಎಂದು ಬರೆದೆ. ಅದು ಏನು ಎಂದು ಮಕ್ಕಳು ಕೇಳಿದರು, ಹೇಳಿದೆ.